ಟೊರೊಂಟೋದ ಎಲ್ಗಿನ್ ಮತ್ತು ವಿಂಟರ್ ಗಾರ್ಡನ್: ಒಂದರ ಮೇಲೊಂದು ಕೂತ ಎರಡು ಥಿಯೇಟರ್‌ಗಳನ್ನು ನೋಡುವುದು ಹೇಗೆ, ನೆನಪಿಟ್ಟುಕೊಳ್ಳುವುದು ಹೇಗೆ

ಟೊರೊಂಟೋಗೆ ಬಂದವರು ಸಿಎನ್ ಟವರ್ ನೋಡ್ತಾರೆ, ಒಂದು ದಿನ ನಯಾಗರಕ್ಕೆ ಹೋಗಿ ಬರ್ತಾರೆ, ಉಳಿದ ಹೊತ್ತಲ್ಲಿ ಈಟನ್ ಸೆಂಟರ್ ಸುತ್ತುತ್ತಾರೆ. ಅದೇ ಈಟನ್ ಸೆಂಟರ್‌ನಿಂದ ಹೊರಗೆ ಬಂದು ಯಂಗ್ ಸ್ಟ್ರೀಟ್ ದಾಟಿದರೆ ಸಾಕು, 189ನೇ ನಂಬರಿನಲ್ಲಿ ಜಗತ್ತಿನ ಬೇರೆಲ್ಲೂ ಈಗ ಉಳಿದಿಲ್ಲದಂಥ ಒಂದು ಕಟ್ಟಡ ಇದೆ. ಕೆಳಗೊಂದು ದೊಡ್ಡ ಥಿಯೇಟರ್. ಅದರ ತಲೆಯ ಮೇಲೆ, ಏಳು ಅಂತಸ್ತು ಹತ್ತಿ ಹೋದರೆ, ಇನ್ನೊಂದು ಪೂರ್ತಿ ಥಿಯೇಟರ್. ಎರಡಕ್ಕೂ ಬೇರೆ ಬೇರೆ ಸ್ಟೇಜ್, ಬೇರೆ ಬೇರೆ ಬಾಲ್ಕನಿ, ಬೇರೆಯದೇ ಅಲಂಕಾರ. ಕೆಳಗಿನದು ಎಲ್ಗಿನ್, ಮೇಲಿನದು ವಿಂಟರ್ ಗಾರ್ಡನ್. ಹೀಗೆ ಒಂದರ ಮೇಲೊಂದು ಕಟ್ಟಿದ ಥಿಯೇಟರ್‌ಗಳು ಆ ಕಾಲದಲ್ಲೂ ಬೆರಳೆಣಿಕೆಯಷ್ಟೇ ಇದ್ದವು. ಇವತ್ತಿಗೂ ಎರಡರಲ್ಲೂ ಪ್ರದರ್ಶನ ನಡೆಯುತ್ತಿರುವುದು ಇಲ್ಲಿ ಮಾತ್ರ.

ಇದನ್ನು ಸುಮ್ನೆ ಒಳಗೆ ಹೋಗಿ, ಫೋಟೊ ತೆಗೆದು, ಹೊರಗೆ ಬಂದುಬಿಟ್ಟರೆ ಅರ್ಧವೂ ಸಿಗುವುದಿಲ್ಲ. ಸ್ವಲ್ಪ ತಯಾರಿ ಬೇಕು, ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದು ಗೊತ್ತಿರಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೋಗುವ ಮುಂಚೆ ಇಷ್ಟು ಕಥೆ ಗೊತ್ತಿರಲಿ

ಕಥೆ ಗೊತ್ತಿಲ್ಲದೆ ಹೋದರೆ ಎಲೆ ಕಾಣುತ್ತದೆ, ಚಿನ್ನದ ಬಣ್ಣ ಕಾಣುತ್ತದೆ, ಅಷ್ಟೇ. ಹಾಗಾಗಿ ಮೊದಲು ಇದನ್ನು ಓದಿಕೊಳ್ಳಿ.

ಮಾರ್ಕಸ್ ಲೋ ಅಂತ ಒಬ್ಬ ಅಮೆರಿಕದ ಥಿಯೇಟರ್ ಮಾಲೀಕ ಇದ್ದ. ಮುಂದೆ 1924ರಲ್ಲಿ ಎಂಜಿಎಂ ಸಿನಿಮಾ ಕಂಪನಿ ಹುಟ್ಟಿಸಿದ್ದೂ ಇವನೇ. ಕೆನಡಾದಲ್ಲಿ ತನ್ನ ಥಿಯೇಟರ್ ಸರಪಳಿಗೆ ಒಂದು ಮುಖ್ಯ ಕೇಂದ್ರ ಬೇಕು ಅಂತ ಇವನು ಯಂಗ್ ಸ್ಟ್ರೀಟ್‌ನಲ್ಲಿ ಜಾಗ ಹಿಡಿದ. ಥಾಮಸ್ ಲ್ಯಾಂಬ್ ಎಂಬ ಆರ್ಕಿಟೆಕ್ಟ್ ಕೈಯಲ್ಲಿ ಪ್ಲಾನ್ ಮಾಡಿಸಿದ. ಕೆಳಗಿನ ಥಿಯೇಟರ್ 1913ರ ಡಿಸೆಂಬರ್ 15ರಂದು ಶುರುವಾಯಿತು. ಆಗ ಅದರ ಹೆಸರು ಲೋಸ್ ಯಂಗ್ ಸ್ಟ್ರೀಟ್ ಥಿಯೇಟರ್. ಮೇಲಿನ ವಿಂಟರ್ ಗಾರ್ಡನ್ ಎರಡು ತಿಂಗಳು ತಡವಾಗಿ, 1914ರ ಫೆಬ್ರುವರಿ 16ರಂದು ತೆರೆಯಿತು. ಫೆಬ್ರುವರಿ ಅಂದರೆ ಟೊರೊಂಟೋದಲ್ಲಿ ಹೊರಗೆಲ್ಲಾ ಹಿಮ. ಕೋಟು ಕೊಡವಿಕೊಂಡು ಮೆಟ್ಟಿಲು ಹತ್ತಿ ಮೇಲೆ ಬಂದವರಿಗೆ ಎದುರಿಗೆ ಎಲೆ ತುಂಬಿದ ತೋಟ! ಆ ಮೊದಲ ದಿನ ಒಳಗೆ ಕಾಲಿಟ್ಟವರ ಮುಖ ಹೇಗಿದ್ದಿರಬಹುದು ಅಂತ ಯೋಚಿಸಿದರೆ ನನಗೆ ಈಗಲೂ ಖುಷಿಯಾಗುತ್ತದೆ.

ಇಲ್ಲಿ ಒಂದು ಸಣ್ಣ ವಿಷಯ ಹೇಳಲೇಬೇಕು. ಮುಂಬೈನ ಧೋಬಿ ತಲಾವ್ ಹತ್ತಿರ ಮೆಟ್ರೋ ಸಿನಿಮಾ ನೋಡಿದ್ದೀರಲ್ವಾ? 1938ರಲ್ಲಿ ಎಂಜಿಎಂ ಕಂಪನಿಯೇ ಕಟ್ಟಿಸಿದ ಆ ಥಿಯೇಟರಿನ ವಿನ್ಯಾಸವೂ ಇದೇ ಥಾಮಸ್ ಲ್ಯಾಂಬ್ ಅವರದ್ದು. ಮುಂಬೈನ ಮೆಟ್ರೋ ಗೊತ್ತಿರುವವರು ಟೊರೊಂಟೋದ ಈ ಬಾಗಿಲೊಳಗೆ ಕಾಲಿಟ್ಟಾಗ ಅದನ್ನು ಒಂದು ಸಲ ನೆನಪಿಸಿಕೊಳ್ಳಿ.

ಒಂದೇ ಜಾಗದಲ್ಲಿ ಎರಡು ಥಿಯೇಟರ್ ಯಾಕೆ? ಯಂಗ್ ಸ್ಟ್ರೀಟ್‌ನಲ್ಲಿ ಜಾಗ ದುಬಾರಿ. ಒಂದು ನಿವೇಶನದ ಮೇಲೆ ಎರಡು ಥಿಯೇಟರ್ ಕಟ್ಟಿದರೆ ಆದಾಯ ಜಾಸ್ತಿ. ಕೆಳಗೆ ದಿನವಿಡೀ ಒಂದರ ಹಿಂದೊಂದು ಆಟ. ಟಿಕೆಟ್ ಅಗ್ಗ, ಯಾವಾಗ ಬೇಕಾದರೂ ಬಂದು ಕೂರಬಹುದು. ಮೇಲೆ ರಾತ್ರಿ ಒಂದೇ ಆಟ. ಸೀಟು ಮುಂಚೆಯೇ ಕಾದಿರಿಸಬೇಕು, ಟಿಕೆಟ್ ದರ ಜಾಸ್ತಿ. ಆದರೆ ಕಲಾವಿದರು ಅವರೇ, ಕಾರ್ಯಕ್ರಮವೂ ಹೆಚ್ಚುಕಡಿಮೆ ಅದೇ! ಆಗ ನಡೆಯುತ್ತಿದ್ದದ್ದು ವಾಡ್‌ವಿಲ್. ಅಂದರೆ ಹಾಡು, ಕುಣಿತ, ಹಾಸ್ಯ, ಜಾದೂ, ಕಸರತ್ತು, ಪ್ರಾಣಿಗಳ ಆಟ, ನಡುವೆ ಒಂದಿಷ್ಟು ಮೂಕಿ ಚಿತ್ರ, ಎಲ್ಲವನ್ನೂ ಒಂದೇ ಸಂಜೆಗೆ ಕಟ್ಟಿಕೊಟ್ಟ ಮನರಂಜನೆ. ಸೋಫಿ ಟಕರ್, ಮಿಲ್ಟನ್ ಬರ್ಲ್, ಜಾರ್ಜ್ ಬರ್ನ್ಸ್ ಮತ್ತು ಗ್ರೇಸಿ ಆಲನ್ ಜೋಡಿ ಇಲ್ಲಿ ಸ್ಟೇಜ್ ಹತ್ತಿದವರು.

ಆಮೇಲೆ ಸಿನಿಮಾಕ್ಕೆ ಮಾತು ಬಂತು, ವಾಡ್‌ವಿಲ್ ಬಿತ್ತು. 1928ರಲ್ಲಿ ಮೇಲಿನ ವಿಂಟರ್ ಗಾರ್ಡನ್‌ಗೆ ಬೀಗ ಹಾಕಿದರು. ಆ ಬೀಗ ಸುಮಾರು 60 ವರ್ಷ ಹಾಗೇ ಇತ್ತು. ಕೆಳಗೆ ಸಿನಿಮಾ ಓಡುತ್ತಲೇ ಇತ್ತು. ಹೆಸರು ಬದಲಾಯಿತು, ಪ್ರೇಕ್ಷಕರು ಬದಲಾದರು. 1970ರ ದಶಕದ ಹೊತ್ತಿಗೆ ವಯಸ್ಕರ ಚಿತ್ರಗಳನ್ನು ಹಾಕುವ ಮಟ್ಟಕ್ಕೆ ಇಳಿದಿತ್ತು. ಎಲ್ಗಿನ್ ಅನ್ನುವ ಹೆಸರು ಬಂದದ್ದೂ ಆ ದಶಕದ ಕೊನೆಯಲ್ಲೇ. ಸಿನಿಮಾ ನೋಡುತ್ತಾ ಕೂತ ಜನರ ತಲೆಯ ಮೇಲೆ ಒಂದು ತೋಟ ದೂಳು ಹಿಡಿದು ನೇತಾಡುತ್ತಿತ್ತು. ಅವರಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತೇ ಇರಲಿಲ್ಲ.

1981ರಲ್ಲಿ ಒಂಟಾರಿಯೊ ಹೆರಿಟೇಜ್ ಫೌಂಡೇಶನ್, ಈಗಿನ ಒಂಟಾರಿಯೊ ಹೆರಿಟೇಜ್ ಟ್ರಸ್ಟ್, ಕಟ್ಟಡವನ್ನು ಕೊಂಡುಕೊಂಡಿತು. ಮರುವರ್ಷವೇ ಇದು ಕೆನಡಾದ ರಾಷ್ಟ್ರೀಯ ಐತಿಹಾಸಿಕ ತಾಣ ಅಂತ ಘೋಷಣೆಯಾಯಿತು. ದೊಡ್ಡ ರಿಪೇರಿ ಶುರುವಾಗುವ ಮುಂಚೆ ಕೆಳಗಿನ ಎಲ್ಗಿನ್‌ನಲ್ಲಿ 1985ರಿಂದ ಎರಡು ವರ್ಷ ಒಂದು ಜನಪ್ರಿಯ ಸಂಗೀತ ನಾಟಕ ಓಡಿತು. ಈ ಜಾಗಕ್ಕೆ ಜನ ಮತ್ತೆ ಬರುತ್ತಾರೆ ಅನ್ನುವುದು ಆಗ ಎಲ್ಲರಿಗೂ ಖಾತ್ರಿಯಾಯಿತು. 1987ರಲ್ಲಿ ಕೆಲಸ ಹಿಡಿದರು. ಮ್ಯಾಂಡೆಲ್ ಸ್ಪ್ರಾಕ್‌ಮನ್ ಅದರ ಆರ್ಕಿಟೆಕ್ಟ್. ಖರ್ಚು 2 ಕೋಟಿ 90 ಲಕ್ಷ ಕೆನಡಾ ಡಾಲರ್. 1989ರ ಡಿಸೆಂಬರ್ 15ರಂದು, ಅಂದರೆ ಕೆಳಗಿನ ಥಿಯೇಟರ್ ಮೊದಲು ತೆರೆದ ಅದೇ ತಾರೀಕಿಗೆ, ಮತ್ತೆ ಬಾಗಿಲು ತೆರೆಯಿತು.

ಇಡೀ ಕಥೆಯಲ್ಲಿ ನೀವು ತಲೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ಇದು. ಮೇಲಿನ ಥಿಯೇಟರ್ ಉಳಿದದ್ದು ಯಾರೋ ಜೋಪಾನ ಮಾಡಿದ್ದರಿಂದ ಅಲ್ಲ, ಯಾರೂ ಮುಟ್ಟದೆ ಬಿಟ್ಟಿದ್ದರಿಂದ. ಕೆಳಗಿನದು ಸಿನಿಮಾ ಓಡಿಸಿ ದುಡಿಯುತ್ತಿತ್ತು, ಹಾಗಾಗಿ ಕಟ್ಟಡ ಕೆಡವಲಿಲ್ಲ. ದುಡಿದ ಥಿಯೇಟರ್‌ಗೆ ಪದೇಪದೇ ಬಣ್ಣ ಬಳಿದರು, ಬೇಕಾದ್ದನ್ನು ಕಿತ್ತರು, ಹೊಸದನ್ನು ಸೇರಿಸಿದರು. ಮುಚ್ಚಿದ ಥಿಯೇಟರ್‌ನಲ್ಲಿ ಗೋಡೆಯ ಬಣ್ಣವೂ ಹಾಗೇ ಉಳಿಯಿತು. ಅದಕ್ಕೇ ಕೆಳಗೆ ಮಾಡಿದ ಕೆಲಸವೇ ಬೇರೆ, ಮೇಲೆ ಮಾಡಿದ ಕೆಲಸವೇ ಬೇರೆ. ಒಳಗೆ ನಿಂತಾಗ ಈ ವ್ಯತ್ಯಾಸವನ್ನು ಹುಡುಕಿ. ನನ್ನ ಪ್ರಕಾರ ಇಲ್ಲಿ ನೋಡಬೇಕಾದದ್ದೇ ಅದು.

ಟೂರ್ ಹೋಗಬೇಕಾ, ನಾಟಕಕ್ಕೆ ಹೋಗಬೇಕಾ?

ಒಳಗೆ ಹೋಗಲು ದಾರಿ ಎರಡು. ಗೈಡ್ ಜೊತೆ ಟೂರ್, ಅಥವಾ ಯಾವುದಾದರೂ ಪ್ರದರ್ಶನದ ಟಿಕೆಟ್. ಟಿಕೆಟ್ ಇಲ್ಲದೆ ಲಾಬಿ ದಾಟಿ ಒಳಗೆ ಹೋಗಲು ಆಗುವುದಿಲ್ಲ, ಹಾಗಾಗಿ "ಹೋಗ್ತಾ ಹೋಗ್ತಾ ಒಂದು ನಿಮಿಷ ಇಣುಕಿ ಬರೋಣ" ಅನ್ನುವ ಲೆಕ್ಕಾಚಾರ ಬೇಡ.

ಒಂದೇ ಸಲ ಹೋಗಲು ಸಾಧ್ಯ ಅಂದರೆ ನಾನು ಟೂರ್ ಅನ್ನೇ ಹೇಳುತ್ತೇನೆ. ಟೂರ್‌ನಲ್ಲಿ ಎರಡೂ ಥಿಯೇಟರ್ ಸಿಗುತ್ತವೆ, ದೀಪ ಹಚ್ಚಿರುತ್ತಾರೆ, ನಿಂತು ನೋಡಲು ಸಮಯ ಇರುತ್ತದೆ. ನಾಟಕದ ಟಿಕೆಟ್ ಕೊಂಡರೆ ಒಂದೇ ಥಿಯೇಟರ್, ಅದೂ ಆಟ ಶುರುವಾಗುವ ಮುಂಚಿನ ಸ್ವಲ್ಪ ಹೊತ್ತು ಮತ್ತು ಇಂಟರ್ವಲ್. ಆದರೆ ಟೂರ್‌ನಲ್ಲಿ ಸಿಗದ ಒಂದು ವಿಷಯ ನಾಟಕದಲ್ಲಿ ಸಿಗುತ್ತದೆ. ಜನ ತುಂಬಿದ ಥಿಯೇಟರ್. ಖಾಲಿ ಸೀಟುಗಳ ನಡುವೆ ನಿಂತಾಗ ಇದು ಮ್ಯೂಸಿಯಂ ಥರ ಕಾಣುತ್ತದೆ. ಜನ ಕೂತು, ದೀಪ ಆರಿ, ಪರದೆ ಮೇಲೆದ್ದಾಗಲೇ ಇದನ್ನು ಯಾವುದಕ್ಕೆ ಕಟ್ಟಿದ್ದು ಅನ್ನುವುದು ತಿಳಿಯುವುದು. ಟೊರೊಂಟೋದಲ್ಲೇ ಇರುವವರು ಮೊದಲು ಟೂರ್ ಮುಗಿಸಿ, ಆಮೇಲೆ ನಿಧಾನಕ್ಕೆ ವಿಂಟರ್ ಗಾರ್ಡನ್‌ನಲ್ಲಿ ಒಳ್ಳೆಯ ಕಾರ್ಯಕ್ರಮ ಬಂದಾಗ ಟಿಕೆಟ್ ತಗೊಳ್ಳಿ.

ಟೂರ್ ಪ್ರತಿದಿನ ಇರುವುದಿಲ್ಲ. ಒಳಗೆ ರಿಹರ್ಸಲ್, ಶೂಟಿಂಗ್, ಪ್ರದರ್ಶನ ಇದ್ದರೆ ದಿನ ಬದಲಾಗುತ್ತದೆ. ಒಂಟಾರಿಯೊ ಹೆರಿಟೇಜ್ ಟ್ರಸ್ಟ್‌ನ ವೆಬ್‌ಸೈಟ್‌ನಲ್ಲಿ ತಾರೀಕು, ದರ ನೋಡಿಕೊಂಡು, ಮುಂಚೆಯೇ ಬುಕ್ ಮಾಡಿಕೊಂಡು, ಆಮೇಲೆ ನಿಮ್ಮ ಉಳಿದ ತಿರುಗಾಟವನ್ನು ಅದರ ಸುತ್ತ ಹೊಂದಿಸಿಕೊಳ್ಳಿ. ಮೇ ತಿಂಗಳಲ್ಲಿ ಡೋರ್ಸ್ ಓಪನ್ ಟೊರೊಂಟೋ ನಡೆಯುತ್ತದೆ, ಊರಿನ ಹಳೆಯ ಕಟ್ಟಡಗಳನ್ನು ಜನರಿಗೆ ಉಚಿತವಾಗಿ ತೆರೆದಿಡುವ ವಾರಾಂತ್ಯ ಅದು. ಕೆಲವು ವರ್ಷ ಈ ಥಿಯೇಟರ್ ಕೂಡ ಅದರ ಪಟ್ಟಿಯಲ್ಲಿ ಇದ್ದದ್ದುಂಟು. ದುಡ್ಡು ಉಳಿಯುತ್ತದೆ, ಆದರೆ ಜನಜಂಗುಳಿ. ನಿಧಾನಕ್ಕೆ ನೋಡಬೇಕು ಅನ್ನುವವರಿಗೆ ಟೂರೇ ಸರಿ.

ನಾಟಕದ ಟಿಕೆಟ್ ಕೊಳ್ಳುವಾಗ ಒಂದು ಎಚ್ಚರ. ಟಿಕೆಟ್ ಮೇಲೆ ಎಲ್ಗಿನ್ ಅಂತ ಇದೆಯಾ, ವಿಂಟರ್ ಗಾರ್ಡನ್ ಅಂತ ಇದೆಯಾ, ಸರಿಯಾಗಿ ನೋಡಿ. ವಿಳಾಸ ಒಂದೇ, ಬಾಗಿಲು ಒಂದೇ. ಎಲೆಯ ಛಾವಣಿ ನೋಡಬೇಕು ಅಂತ ಆಸೆಪಟ್ಟು ಕೆಳಗಿನ ಎಲ್ಗಿನ್‌ಗೆ ಟಿಕೆಟ್ ಕೊಂಡು ಕೂತರೆ, ತೋಟ ನಿಮ್ಮ ತಲೆಯ ಮೇಲೇ ಇರುತ್ತದೆ ಆದರೆ ಕಾಣುವುದಿಲ್ಲ.

ತಲುಪುವುದು

ಸಬ್‌ವೇ ಒಂದನೇ ಲೈನ್‌ನಲ್ಲಿ ಕ್ವೀನ್ ಸ್ಟೇಷನ್‌ಗೆ ಇಳಿದು, ಯಂಗ್ ಸ್ಟ್ರೀಟ್ ಮೇಲೆ ಉತ್ತರಕ್ಕೆ ನಾಲ್ಕು ಹೆಜ್ಜೆ. ರಸ್ತೆಯ ಪೂರ್ವ ಬದಿಯಲ್ಲಿದೆ. ಕಾರ್ ತಗೊಂಡು ಹೋಗಬೇಡಿ, ಆ ಭಾಗದಲ್ಲಿ ಪಾರ್ಕಿಂಗ್ ದೊಡ್ಡ ತಲೆನೋವು.

ಬಾಗಿಲು ನೋಡಿ "ಇಷ್ಟೇನಾ?" ಅನ್ನಿಸಬಹುದು. ಮುಂಭಾಗ ಸಾಕಷ್ಟು ಕಿರಿದು. ಅದಕ್ಕೂ ಕಾರಣ ಇದೆ. ಯಂಗ್ ಸ್ಟ್ರೀಟ್‌ನ ಮುಖ ದುಬಾರಿ, ಅದಕ್ಕೇ ಅಲ್ಲಿ ಬಾಗಿಲಿಗೆ ಬೇಕಾದಷ್ಟು ಅಗಲ ಮಾತ್ರ ಇಟ್ಟುಕೊಂಡು, ಒಂದು ಉದ್ದನೆಯ ಲಾಬಿ ಮಾಡಿ, ದೊಡ್ಡ ಥಿಯೇಟರ್‌ಗಳನ್ನು ಹಿಂದಿನ ವಿಕ್ಟೋರಿಯಾ ಸ್ಟ್ರೀಟ್ ಕಡೆಗೆ ಕಟ್ಟಿದ್ದಾರೆ. ಆ ಲಾಬಿಯಲ್ಲಿ ನಡೆಯುವಾಗ ಆತುರ ಬೇಡ. ರಸ್ತೆಯ ಗದ್ದಲ ಹೆಜ್ಜೆಹೆಜ್ಜೆಗೂ ಕಡಿಮೆಯಾಗುತ್ತಾ ಹೋಗುವುದನ್ನು ಗಮನಿಸಿ.

ಮೊದಲು ಕೆಳಗೆ, ಆಮೇಲೆ ಮೇಲೆ

ಎಲ್ಗಿನ್ ಅನ್ನು ಮೊದಲು ನೋಡಿ. ಇದು ಅರಮನೆಯ ಶೈಲಿ. ಕೆಂಪು, ಚಿನ್ನದ ಬಣ್ಣ, ಗಾರೆಯಲ್ಲಿ ಮಾಡಿದ ಪುಟ್ಟ ರೆಕ್ಕೆಯ ಮಕ್ಕಳು, ಹೂಬಳ್ಳಿ, ಎರಡೂ ಬದಿಗೆ ಬಾಕ್ಸ್ ಸೀಟುಗಳು. 1,561 ಸೀಟು. ಮೇಲ್ನೋಟಕ್ಕೆ ಚಿನ್ನದ ರೇಕು ಅನ್ನಿಸುವುದು ನಿಜಕ್ಕೆ ಅಲ್ಯೂಮಿನಿಯಂ ರೇಕು. ಸುಮಾರು 3 ಲಕ್ಷ ತೆಳು ಹಾಳೆಗಳನ್ನು ಕೈಯಿಂದ ಅಂಟಿಸಿದ್ದಾರೆ. ಒಂದು ಮೂಲೆಯನ್ನು ಆರಿಸಿಕೊಂಡು, ಅಲ್ಲಿನ ಒಂದೇ ಒಂದು ಗಾರೆಯ ಎಲೆಯನ್ನು ನೋಡುತ್ತಾ, ಇದಕ್ಕೆ ಎಷ್ಟು ಹಾಳೆ ಹಿಡಿಸಿರಬಹುದು, ಕೈ ಎಷ್ಟು ಹುಷಾರಾಗಿ ಓಡಿರಬೇಕು ಅಂತ ಲೆಕ್ಕ ಹಾಕಿ. ಹಾಗೇ ಬಾಕ್ಸ್ ಸೀಟುಗಳ ಕಡೆ ಒಮ್ಮೆ ನೋಡಿ. ಸಿನಿಮಾ ಓಡಿಸಲು ಕಟ್ಟಿದ ಥಿಯೇಟರಿಗೆ ಪಕ್ಕದಲ್ಲಿ ಬಾಕ್ಸ್ ಬೇಕಾಗಿಲ್ಲ, ಅಲ್ಲಿಂದ ಪರದೆ ಓರೆಯಾಗಿ ಕಾಣುತ್ತದೆ. ಇದು ಹುಟ್ಟಿದ್ದು ನಟನಟಿಯರಿಗಾಗಿ ಅನ್ನುವುದಕ್ಕೆ ಆ ಬಾಕ್ಸ್‌ಗಳೇ ಸಾಕ್ಷಿ.

ಎಲ್ಗಿನ್ ಚೆನ್ನಾಗಿದೆ. ಆದರೆ ಇಂಥ ಚಿನ್ನದ ಬಣ್ಣದ ಥಿಯೇಟರ್‌ಗಳು ಬೇರೆ ಊರುಗಳಲ್ಲೂ ಸಿಗುತ್ತವೆ. ಇಲ್ಲಿ ಹೆಚ್ಚು ಹೊತ್ತು ಕಳೆದು ಮೇಲೆ ಅವಸರ ಮಾಡಬೇಡಿ.

ಮೇಲೆ ಹೋಗುವಾಗ ಮೈಯಲ್ಲಿ ಶಕ್ತಿ ಇದ್ದರೆ, ಮಂಡಿ ನೋವಿಲ್ಲದಿದ್ದರೆ, ಮೆಟ್ಟಿಲು ಹತ್ತಿಯೇ ಹೋಗಿ. ಏಳು ಅಂತಸ್ತಿನ ಭವ್ಯವಾದ ಮೆಟ್ಟಿಲು ಅದು. ಅಂದಿನ ಪ್ರೇಕ್ಷಕರು ಒಳ್ಳೆಯ ಬಟ್ಟೆ ಹಾಕಿಕೊಂಡು ಹತ್ತುತ್ತಿದ್ದದ್ದೂ ಇದನ್ನೇ. ಒಂದೊಂದು ಅಂತಸ್ತಿಗೂ ನಿಂತು ಉಸಿರು ತಗೊಳ್ಳಿ, ಕೆಳಗೆ ಎಷ್ಟು ಎತ್ತರದ ಥಿಯೇಟರ್ ಇದೆ ಅನ್ನುವುದು ಕಾಲಿಗೆ ತಿಳಿಯುತ್ತದೆ, ಯಾವ ನಕ್ಷೆ ನೋಡಿದರೂ ಅದು ತಿಳಿಯುವುದಿಲ್ಲ. ಆಗದವರಿಗೆ ಲಿಫ್ಟ್ ಇದೆ. ಕೈಯಿಂದ ನಡೆಸುವ ಹಳೆಯ ಕಾಲದ ಲಿಫ್ಟ್ ಕೂಡ ಇಲ್ಲಿ ಉಳಿದಿದೆ, ಅದರ ಬಗ್ಗೆ ಗೈಡ್‌ಗೆ ಕೇಳಿ. ಅಪ್ಪ ಅಮ್ಮನನ್ನು, ಅಜ್ಜಿ ತಾತನನ್ನು ಕರಕೊಂಡು ಹೋಗುತ್ತಿದ್ದರೆ ಬುಕ್ ಮಾಡುವಾಗಲೇ ಮೆಟ್ಟಿಲು ಹತ್ತಲು ಆಗುವುದಿಲ್ಲ ಅಂತ ಹೇಳಿಬಿಡಿ.

ವಿಂಟರ್ ಗಾರ್ಡನ್ ಒಳಗೆ

ಬಾಗಿಲು ದಾಟಿದ ಕೂಡಲೇ ಎಲ್ಲರೂ ಮಾಡುವುದು ತಲೆ ಎತ್ತುವುದು. ಎತ್ತಿ. ಛಾವಣಿ ತುಂಬಾ ಎಲೆ. ಚಿತ್ರ ಬಿಡಿಸಿದ್ದಲ್ಲ, ಪ್ಲಾಸ್ಟಿಕ್ ಅಲ್ಲ, ನಿಜವಾದ ಮರದ ಎಲೆ. ಉತ್ತರ ಅಮೆರಿಕದ ಕಾಡಿನಲ್ಲಿ ಬೆಳೆಯುವ ಬೀಚ್ ಮರದ ಕೊಂಬೆಗಳು. ಹಳೆಯ ಎಲೆಗಳೆಲ್ಲ ಒಣಗಿ ದೂಳಾಗಿದ್ದವು, ಅವನ್ನು ಇಳಿಸಬೇಕಾಯಿತು. ಅದಕ್ಕೆ ಬದಲಾಗಿ 5,000ಕ್ಕೂ ಹೆಚ್ಚು ಬೀಚ್ ಕೊಂಬೆಗಳನ್ನು ಕಡಿದು ತಂದು, ಉದುರದ ಹಾಗೆ ಸಂಸ್ಕರಿಸಿ, ಬೆಂಕಿ ಹತ್ತದ ಹಾಗೆ ಮದ್ದು ಹಾಕಿ, ಬಣ್ಣ ಹಚ್ಚಿ, ಛಾವಣಿಯ ತಂತಿ ಜಾಲರಿಗೆ ಒಂದೊಂದಾಗಿ ಕೈಯಿಂದ ಹೆಣೆದರು. ಎಲೆಗಳ ನಡುವೆ ಪುಟ್ಟ ಪುಟ್ಟ ಲಾಂದ್ರ. ಛಾವಣಿ ಹೊತ್ತ ಕಂಬಗಳು ಮರದ ಬೊಡ್ಡೆಯ ರೂಪದಲ್ಲಿವೆ.

ಛಾವಣಿ ನೋಡಿ ಮುಗಿಯಿತು ಅಂದುಕೊಂಡು ಹೊರಡುವವರೇ ಜಾಸ್ತಿ. ದಯವಿಟ್ಟು ಗೋಡೆಯ ಹತ್ತಿರ ಹೋಗಿ.

ಗೋಡೆಯ ತುಂಬಾ ಹೂದೋಟದ ಚಿತ್ರ. ಬಳ್ಳಿ ಹಬ್ಬಿಸುವ ಮರದ ಜಾಲರಿ, ಅದರ ಮೇಲೆ ಹೂವು, ಎಲೆ. ಎಲ್ಲಾ ಕೈಯಿಂದ ಬರೆದದ್ದು. ಇದು 1914ರ ಬಣ್ಣ, ಅದೂ ನೀರಲ್ಲಿ ಕಲಸಿ ಹಚ್ಚಿದ ಬಣ್ಣ. ಹಾಗಾಗಿ ರಿಪೇರಿ ಮಾಡಲು ಬಂದವರಿಗೆ ದೊಡ್ಡ ಸಮಸ್ಯೆ ಎದುರಾಯಿತು. ಅರವತ್ತು ವರ್ಷದ ದೂಳು, ಮಸಿ ತೆಗೆಯಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ದೂಳಿನ ಜೊತೆ ಹೂವೂ ಹೋಗುತ್ತದೆ. ಸೋಪು, ರಾಸಾಯನಿಕ ಯಾವುದೂ ಆಗದು. ಕೊನೆಗೆ ಅವರು ಬಳಸಿದ್ದು ಬ್ರೆಡ್ಡಿನ ಹಸಿ ಹಿಟ್ಟು! ನಾದಿದ ಕಣಕವನ್ನು ಉಂಡೆ ಮಾಡಿ, ಗೋಡೆಯ ಮೇಲೆ ಮೆಲ್ಲಗೆ ಒತ್ತಿ ಹೊರಳಿಸಿದರೆ ಕೊಳೆ ಹಿಟ್ಟಿಗೆ ಅಂಟಿಕೊಂಡು ಬರುತ್ತದೆ, ಬಣ್ಣ ಗೋಡೆಯಲ್ಲೇ ಉಳಿಯುತ್ತದೆ. ಉಂಡೆ ಕಪ್ಪಾದ ಮೇಲೆ ಅದನ್ನು ಎಸೆದು ಇನ್ನೊಂದು. ಹೀಗೆ ಅಂಗುಲ ಅಂಗುಲವಾಗಿ ಇಡೀ ಥಿಯೇಟರಿನ ಗೋಡೆಗಳು. ನೂರಾರು ಪೌಂಡ್ ಹಿಟ್ಟು ಖರ್ಚಾಯಿತು. ದಿನಾ ಕೈಯಾರೆ ಚಪಾತಿ ಹಿಟ್ಟು ಕಲಸುವವರಿಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ. ಹಿಟ್ಟು ಎಷ್ಟು ಗಟ್ಟಿ ಇದ್ದರೆ ಗೋಡೆಗೆ ಅಂಟದೆ ಬರುತ್ತದೆ, ಎಷ್ಟು ಮೆತ್ತಗಿದ್ದರೆ ಕೊಳೆ ಹಿಡಿಯುತ್ತದೆ ಅನ್ನುವುದು ನಮ್ಮ ಬೆರಳಿಗೇ ಗೊತ್ತು.

ಆ ಗೋಡೆಯಿಂದ ಒಂದು ಅಡಿ ದೂರದಲ್ಲಿ ನಿಂತು ಒಂದೇ ಹೂವನ್ನು ನೋಡಿ. ಕುಂಚದ ಗೆರೆ ಕಾಣುತ್ತದೆ. ನೂರು ವರ್ಷದ ಹಿಂದಿನ ಯಾರೋ ಪೇಂಟರ್‌ನ ಕೈ ಅದು. ಇವತ್ತಿನ ಹೊಸ ಬಣ್ಣದಿಂದ ಇದೇ ಹೂವನ್ನು ಇದಕ್ಕಿಂತ ಹೊಳೆಯುವ ಹಾಗೆ ಬರೆಯಬಹುದಿತ್ತು, ಕಡಿಮೆ ಖರ್ಚಲ್ಲಿ, ಕಡಿಮೆ ಸಮಯದಲ್ಲಿ. ಹಾಗೆ ಮಾಡಲಿಲ್ಲ. ಇದ್ದದ್ದನ್ನು ಉಳಿಸಿದರು. ಹಳೆಯ ಕಟ್ಟಡಕ್ಕೆ ಹೊಸ ಬಣ್ಣ ಬಳಿದು ಅದನ್ನೇ ಜೀರ್ಣೋದ್ಧಾರ ಅನ್ನುವುದನ್ನು ನೋಡಿ ನೋಡಿ ಬೇಸತ್ತವರು ಈ ಗೋಡೆಯ ಎದುರು ಸ್ವಲ್ಪ ಹೊತ್ತು ಜಾಸ್ತಿ ನಿಲ್ಲಿ. ಮುಟ್ಟಬೇಡಿ, ಬೆರಳಿನ ಎಣ್ಣೆ ಸಾಕು ಹಾಳಾಗಲು. ಎಲೆಯನ್ನೂ ಮುಟ್ಟಬೇಡಿ, ಬಾಲ್ಕನಿಯಲ್ಲಿ ಅವು ಹತ್ತಿರವೇ ಇದ್ದು ಕೈ ಚಾಚೋಣ ಅನ್ನಿಸಿದರೂ ಕೂಡ. ಮಕ್ಕಳಿದ್ದರೆ ಒಳಗೆ ಹೋಗುವ ಮುಂಚೆಯೇ ಹೇಳಿಟ್ಟುಬಿಡಿ.

ಇಲ್ಲಿರುವುದು 992 ಸೀಟು. ಆ ಸೀಟುಗಳೂ ಇಲ್ಲಿನವಲ್ಲ. ಷಿಕಾಗೋದ ಬಯೋಗ್ರಾಫ್ ಥಿಯೇಟರ್‌ನಿಂದ ತಂದವು. ಬ್ಯಾಂಕ್ ದರೋಡೆಗಾರ ಜಾನ್ ಡಿಲಿಂಜರ್ 1934ರಲ್ಲಿ ಸಿನಿಮಾ ನೋಡಿ ಹೊರಗೆ ಬರುತ್ತಿದ್ದಾಗ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯ ಏಜೆಂಟರ ಗುಂಡಿಗೆ ಸತ್ತದ್ದು ಅದೇ ಬಯೋಗ್ರಾಫ್ ಥಿಯೇಟರಿನ ಹತ್ತಿರ.

ನಾಟಕಕ್ಕೆ ಬಂದು ಸೀಟು ಆರಿಸುವವರಿಗೆ ನನ್ನ ಸಲಹೆ ಇಷ್ಟು. ಛಾವಣಿ ಪೂರ್ತಿ ನೋಡಬೇಕು ಅಂದರೆ ಕೆಳಗಿನ ಹಂತದಲ್ಲಿ ಬಾಲ್ಕನಿಯ ಮುಂದಕ್ಕೆ ಬರುವ ಸಾಲುಗಳು. ಎಲೆಗಳನ್ನು ಹತ್ತಿರದಿಂದ ನೋಡಬೇಕು ಅಂದರೆ ಬಾಲ್ಕನಿ. ದುಡ್ಡು ಉಳಿಯುವುದೂ ಸಾಮಾನ್ಯವಾಗಿ ಬಾಲ್ಕನಿಯಲ್ಲೇ, ಹಾಗಾಗಿ ನನಗೆ ಅದೇ ಇಷ್ಟ. ಆಟ ಶುರುವಾಗುವ ಅರ್ಧ ಗಂಟೆ ಮುಂಚೆ ಹೋಗಿ ಕೂತುಬಿಡಿ. ದೀಪ ಆರಿದ ಮೇಲೆ ಎಲೆ ಕಾಣುವುದಿಲ್ಲ, ಇಂಟರ್ವಲ್‌ನಲ್ಲಿ ಜನ ಓಡಾಡುತ್ತಿರುತ್ತಾರೆ.

ಪರದೆಗಳನ್ನು ಕೇಳಿ ನೋಡಿ

ಬೀಗ ತೆಗೆದು ಒಳಗೆ ಹೋದಾಗ ಸಿಕ್ಕ ಇನ್ನೊಂದು ನಿಧಿ ವಾಡ್‌ವಿಲ್ ಕಾಲದ ಸೀನರಿಗಳು. ಬಟ್ಟೆಯ ಮೇಲೆ ಬರೆದ ಪರದೆಗಳು, ನಿಲ್ಲಿಸುವ ಚೌಕಟ್ಟುಗಳು. ಜಗತ್ತಿನಲ್ಲಿ ಉಳಿದಿರುವ ವಾಡ್‌ವಿಲ್ ಸೀನರಿಗಳ ಅತಿ ದೊಡ್ಡ ಸಂಗ್ರಹ ಇದು. ಚಿಟ್ಟೆಯ ಚಿತ್ರದ ಒಂದು ಸೆಟ್, ಈಜಿಪ್ಟಿನ ಸ್ಕ್ಯಾರಬ್ ಜೀರುಂಡೆಯ ಚಿತ್ರದ ಇನ್ನೊಂದು ಸೆಟ್ ಅದರಲ್ಲಿ ಹೆಸರುವಾಸಿ. ನಮ್ಮ ಕಂಪನಿ ನಾಟಕಗಳಲ್ಲಿ ದರ್ಬಾರಿನ ಪರದೆ, ಕಾಡಿನ ಪರದೆ, ಬೀದಿಯ ಪರದೆ ಅಂತ ಇರುತ್ತಿದ್ದವಲ್ಲ, ಅದೇ ಜಾತಿಯವು. ನಾಟಕ ಮುಗಿದ ಮೇಲೆ ಇಂಥ ಪರದೆಗಳನ್ನು ಯಾರೂ ಉಳಿಸುವುದಿಲ್ಲ, ಬಣ್ಣ ಬಳಿದು ಮತ್ತೆ ಬಳಸುತ್ತಾರೆ ಇಲ್ಲ ಮೂಲೆಗೆ ಎಸೆಯುತ್ತಾರೆ. ಇಲ್ಲಿ ಬಾಗಿಲು ಮುಚ್ಚಿದ್ದರಿಂದ ಉಳಿದವು. ಯಾವುದನ್ನು ಈಗ ನೋಡಲು ಇಟ್ಟಿದ್ದಾರೆ ಅಂತ ಟೂರ್‌ನಲ್ಲಿ ಕೇಳಿ. ಕೇಳಿದವರಿಗೆ ಗೈಡ್‌ಗಳು ಖುಷಿಯಿಂದ ಹೇಳುತ್ತಾರೆ, ಅವರಲ್ಲಿ ಸ್ವಯಂಸೇವಕರೂ ಇರುತ್ತಾರೆ, ಈ ಕಟ್ಟಡದ ಮೇಲಿನ ಪ್ರೀತಿಗಾಗಿಯೇ ಬರುವವರು. ಹಳೆಯ ಥಿಯೇಟರ್‌ಗಳಿಗೆಲ್ಲ ಒಂದು ದೆವ್ವದ ಕಥೆ ಇರುತ್ತದಲ್ಲ, ಇಲ್ಲೂ ಲ್ಯಾವೆಂಡರ್ ಲೇಡಿ ಅಂತ ಒಬ್ಬಳಿದ್ದಾಳೆ. ಮಕ್ಕಳು ಜೊತೆಗಿದ್ದರೆ ಅದನ್ನೂ ಕೇಳಿ.

ನೆನಪಿಟ್ಟುಕೊಳ್ಳುವುದು

ಫೋನಿನಲ್ಲಿ ತೆಗೆದ ಎಲೆಯ ಛಾವಣಿಯ ಫೋಟೊ ಮನೆಗೆ ಬಂದು ನೋಡಿದರೆ ಸಾಮಾನ್ಯವಾಗಿ ಕಂದು ಬಣ್ಣದ ಒಂದು ರಾಶಿ. ಬೆಳಕು ಕಡಿಮೆ, ಆಳ ಗೊತ್ತಾಗುವುದಿಲ್ಲ. ಅದಕ್ಕೆ ಇಡೀ ಛಾವಣಿಯ ಬದಲು ಒಂದು ಲಾಂದ್ರ ಮತ್ತು ಅದರ ಸುತ್ತಲಿನ ಕೊಂಬೆ ಅಷ್ಟನ್ನೇ ತೆಗೆಯಿರಿ. ಗೋಡೆಯ ಒಂದು ಹೂವು ತೆಗೆಯಿರಿ. ಮನೆಯವರನ್ನು ನಿಲ್ಲಿಸಿ ತೆಗೆಯುವುದಾದರೆ ಮೆಟ್ಟಿಲ ಮೇಲೆ ತೆಗೆಯಿರಿ, ಮುಂದೆ ನೋಡುವಾಗ ಎಲ್ಲಿ ಅಂತ ತಕ್ಷಣ ಗೊತ್ತಾಗುತ್ತದೆ. ಫೋಟೊಗೆ ಅನುಮತಿ ಇದೆಯಾ ಅಂತ ಮೊದಲು ಕೇಳಿ, ಫ್ಲ್ಯಾಶ್ ಬೇಡವೇ ಬೇಡ. ಆಟ ನಡೆಯುವಾಗ ಫೋನ್ ಜೇಬಲ್ಲೇ ಇರಲಿ.

ಫೋಟೊಗಿಂತ ಚೆನ್ನಾಗಿ ಕೆಲಸ ಮಾಡುವುದು ಒಂದು ಚಿತ್ರ. ಚಿತ್ರ ಬರೆಯಲು ಬರುವುದಿಲ್ಲ ಅನ್ನಬೇಡಿ. ಅದೇ ದಿನ ರಾತ್ರಿ ಒಂದು ಹಾಳೆ ತಗೊಂಡು ಕಟ್ಟಡವನ್ನು ಪಕ್ಕದಿಂದ ಕತ್ತರಿಸಿದರೆ ಹೇಗೆ ಕಾಣುತ್ತದೋ ಹಾಗೆ ನಾಲ್ಕು ಗೆರೆ ಎಳೆಯಿರಿ. ಎಡಕ್ಕೆ ಯಂಗ್ ಸ್ಟ್ರೀಟ್, ಉದ್ದನೆಯ ಲಾಬಿ, ಬಲಕ್ಕೆ ಕೆಳಗಿನ ಥಿಯೇಟರ್, ಅದರ ಮೇಲೆ ಇನ್ನೊಂದು, ನಡುವೆ ಮೆಟ್ಟಿಲು. ಅಷ್ಟು ಎಳೆಯುವಾಗಲೇ ಯಾವುದು ಸರಿಯಾಗಿ ನೋಡಿಲ್ಲ ಅನ್ನುವುದು ಗೊತ್ತಾಗುತ್ತದೆ. ಮಕ್ಕಳ ಕೈಯಲ್ಲಿ ಎಳೆಸಿದರೆ ಇನ್ನೂ ಚೆಂದ, ಅವರಿಗೆ ಎಲೆ ಎಷ್ಟು ಮುಖ್ಯವಾಗಿ ಕಂಡಿತು ಅನ್ನುವುದು ಗಾತ್ರದಲ್ಲೇ ಗೊತ್ತಾಗುತ್ತದೆ.

ಆ ಹಾಳೆಯ ಹಿಂದೆ ತಾರೀಕು, ಜೊತೆಗೆ ಬಂದವರ ಹೆಸರು, ಸೀಟ್ ನಂಬರ್, ಅವತ್ತು ಹೊರಗೆ ಹಿಮವೋ ಬಿಸಿಲೋ, ಗೈಡ್ ಹೇಳಿದ್ದರಲ್ಲಿ ನಿಮಗೆ ಹಿಡಿಸಿದ ಒಂದು ಮಾತು ಬರೆದಿಡಿ. ಟಿಕೆಟ್ ಫೋನಿನಲ್ಲಿ ಬಂದಿದ್ದರೆ ಅದರ ಸ್ಕ್ರೀನ್‌ಶಾಟ್ ಪ್ರಿಂಟ್ ಮಾಡಿ ಅಂಟಿಸಿ. ನಾಟಕದ ಕಿರುಪುಸ್ತಕ ಕೊಟ್ಟರೆ ಎಸೆಯಬೇಡಿ. ಇದೆಲ್ಲ ಹತ್ತು ನಿಮಿಷದ ಕೆಲಸ, ಆದರೆ ಮರುದಿನಕ್ಕೆ ಹಾಕಿದರೆ ಅರ್ಧ ಮರೆತಿರುತ್ತದೆ.

ಟೊರೊಂಟೋದಲ್ಲಿ ಹಳಬರು ಯಾರಾದರೂ ಪರಿಚಯ ಇದ್ದರೆ ಅವರನ್ನು ಕೇಳುವುದನ್ನು ಮಾತ್ರ ಮುಂದೂಡಬೇಡಿ. ಈ ಊರಲ್ಲಿ 1960, 70ರ ದಶಕದಲ್ಲಿ ಓಡಾಡಿದವರಿಗೆ ಈ ಕಟ್ಟಡ ಗೊತ್ತಿರುತ್ತದೆ, ಆದರೆ ಬೇರೆ ರೂಪದಲ್ಲಿ. ಅವರಿಗೆ ಅದು ಹಳೆಯ ಸಿನಿಮಾ ಮಂದಿರ ಮಾತ್ರ. ಯಾವ ಚಿತ್ರ ನೋಡಿದಿರಿ, ಟಿಕೆಟ್ ಎಷ್ಟಿತ್ತು, ಒಳಗೆ ಗೋಡೆ ಯಾವ ಬಣ್ಣ ಇತ್ತು, ಮೇಲೆ ಇನ್ನೊಂದು ಇದೆ ಅಂತ ಗೊತ್ತಿತ್ತಾ, ಯಾರ ಜೊತೆ ಹೋಗಿದ್ದಿರಿ ಅಂತ ಒಂದೊಂದಾಗಿ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. "ಹೇಗಿತ್ತು?" ಅಂತ ಒಟ್ಟಾರೆ ಕೇಳಿದರೆ "ಚೆನ್ನಾಗಿತ್ತು" ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಬಣ್ಣ, ಬೆಲೆ, ಜೊತೆಗಾರರು ಇಂಥದ್ದನ್ನು ಕೇಳಿದರೆ ಮಾತು ಬಿಚ್ಚುತ್ತದೆ. ಮೇಲಿನ ಥಿಯೇಟರ್ ಮುಚ್ಚಿದ್ದ ಅರವತ್ತು ವರ್ಷ ಕೆಳಗೆ ಕೂತ ಪ್ರೇಕ್ಷಕರ ನೆನಪುಗಳು ಯಾವ ಗೋಡೆಯ ಮೇಲೂ ಇಲ್ಲ, ಅವರ ತಲೆಯಲ್ಲಿ ಮಾತ್ರ ಇವೆ. ಅವರ ಹತ್ತಿರ ಹಳೆಯ ಟಿಕೆಟ್ ಚೂರು, ಒಳಗೆ ತೆಗೆದ ಫೋಟೊ ಏನಾದರೂ ಸಿಕ್ಕರೆ, ಮನೆಯಲ್ಲಿ ಒಂದು ಸ್ಕ್ಯಾನ್ ಇಟ್ಟುಕೊಂಡು, ಮೂಲವನ್ನು ತೆಗೆದುಕೊಳ್ಳುತ್ತೀರಾ ಅಂತ ಹೆರಿಟೇಜ್ ಟ್ರಸ್ಟ್‌ಗೆ ಒಂದು ಮೇಲ್ ಹಾಕಿ ಕೇಳಿ.

ಹೊರಗೆ ಬಂದ ಮೇಲೆ

ನೇರ ಸಬ್‌ವೇ ಇಳಿಯಬೇಡಿ. ಒಂದು ಸುತ್ತು ಹಾಕಿ ಹಿಂದಿನ ವಿಕ್ಟೋರಿಯಾ ಸ್ಟ್ರೀಟ್‌ಗೆ ಹೋಗಿ ಕಟ್ಟಡದ ಬೆನ್ನು ನೋಡಿ. ಮುಂದೆ ಅಷ್ಟು ಕಿರಿದಾಗಿ ಕಂಡದ್ದು ಹಿಂದೆ ಎಷ್ಟು ದೊಡ್ಡದು ಅನ್ನುವುದು ಅಲ್ಲಿ ನಿಂತರೆ ತಿಳಿಯುತ್ತದೆ. ರಿಪೇರಿಯ ಕಾಲದಲ್ಲಿ ಡ್ರೆಸಿಂಗ್ ರೂಮ್, ರಿಹರ್ಸಲ್ ಹಾಲ್‌ಗಳಿಗಾಗಿ ಸೇರಿಸಿದ ಹೊಸ ಭಾಗವೂ ಇದೆ, ಹಳೆಯದರಿಂದ ಅದನ್ನು ಬೇರೆ ಮಾಡಿ ಗುರುತಿಸಲು ಪ್ರಯತ್ನಿಸಿ. ಅದೇ ರಸ್ತೆಯಲ್ಲಿ ಸ್ವಲ್ಪ ಮುಂದೆ 1894ರ ಮ್ಯಾಸಿ ಹಾಲ್. ಇನ್ನೂ ಸ್ವಲ್ಪ ಉತ್ತರಕ್ಕೆ ಈಗ ಎಡ್ ಮಿರ್ವಿಶ್ ಥಿಯೇಟರ್ ಅನ್ನುವ, 1920ರಲ್ಲಿ ಪ್ಯಾಂಟೇಜಸ್ ಅಂತ ಶುರುವಾದ ಥಿಯೇಟರ್. ಅದೂ ಥಾಮಸ್ ಲ್ಯಾಂಬ್ ಅವರದ್ದೇ. ಎಲ್ಗಿನ್ ನೋಡಿದ ಕಣ್ಣಲ್ಲೇ ಅದರ ಲಾಬಿಗೂ ಒಮ್ಮೆ ಹೋಗಿ ಬಂದರೆ, ಏಳು ವರ್ಷದಲ್ಲಿ ಅದೇ ಆರ್ಕಿಟೆಕ್ಟ್ ಏನನ್ನು ಬದಲಿಸಿದರು, ಏನನ್ನು ಹಾಗೇ ಇಟ್ಟುಕೊಂಡರು ಅನ್ನುವುದನ್ನು ಹೋಲಿಸಿ ನೋಡಬಹುದು. ಅಲ್ಲಿಗೂ ಒಳಗೆ ಹೋಗಲು ಪ್ರದರ್ಶನದ ಟಿಕೆಟ್ ಬೇಕು, ಹಾಗಾಗಿ ಎರಡಕ್ಕೂ ಸೇರಿಸಿ ದಿನ ಗೊತ್ತುಮಾಡಿಕೊಳ್ಳಿ.